ದಿಲ್‌ಸುಖ್‌ನಗರ: ನಿವೇಶನ ಹಂಚಿಕೆಯ ಚರಿತ್ರೆ ಮತ್ತು ನೆರೆಹೊರೆಯ ಸಂಬಂಧಗಳು

೧

ಹೈದರಾಬಾದು ನಗರದ ಪೂರ್ವಭಾಗದಲ್ಲಿ, ವಿಜಯವಾಡಕ್ಕೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಹರಡಿಕೊಂಡಿರುವ ದಿಲ್‌ಸುಖ್‌ನಗರವು ಇಂದು ಅಂಗಡಿಬೀದಿ, ತರಬೇತಿ ಕೇಂದ್ರ ಮತ್ತು ವಿದ್ಯಾರ್ಥಿನಿಲಯಗಳಿಂದ ತುಂಬಿದ ಪ್ರದೇಶ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇದು ಮಲಕ್‌ಪೇಟೆಯ ಆಚೆಗಿನ ಬೇಸಾಯದ ಭೂಮಿಯಾಗಿತ್ತು. ಭೂಮಾಲೀಕರಾದ ದಿಲ್‌ಸುಖ್ ರಾಮ್ ಪರ್ಷಾದ್ ಅವರು ತಮ್ಮ ಹೊಲಗಳನ್ನು ನಿವೇಶನಗಳಾಗಿ ವಿಂಗಡಿಸಿ ಮಾರಿದ್ದರಿಂದ ಬಡಾವಣೆಗೆ ಅವರ ಹೆಸರೇ ನಿಂತಿತು. ಈ ಹೆಸರಿನಲ್ಲಿರುವ 'ದಿಲ್' ಪಾರಸಿಯದು. 'ಸುಖ', 'ನಗರ' ಎಂಬವು ಸಂಸ್ಕೃತ ಮೂಲದವು. ಹಿಂದೂ ಗೃಹಸ್ಥರೊಬ್ಬರಿಗೆ ಇಂಥ ಹೆಸರಿರುವುದು ಆಸಫ್‌ಜಾಹಿ ಕಾಲದ ಹೈದರಾಬಾದಿನಲ್ಲಿ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಆದರೆ ಆ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಮುಂದೆ ಮನೆ ಕಟ್ಟಿಕೊಂಡವರಲ್ಲಿ ಹಿಂದೂ ಮಧ್ಯಮವರ್ಗದವರೇ ಬಹುಪಾಲು. ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ಮಲಕ್‌ಪೇಟೆ, ಅಕ್ಬರ್‌ಬಾಗ್, ಸೈದಾಬಾದ್‌ಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಇಂದಿಗೂ ಹತ್ತಿರಹತ್ತಿರ ವಾಸವಾಗಿದ್ದಾರೆ. ಈ ವ್ಯತ್ಯಾಸ ಹೇಗುಂಟಾಯಿತು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ವಸತಿ ನೀತಿಗೂ ಸಮುದಾಯಗಳ ಪರಸ್ಪರ ಸಂಬಂಧಕ್ಕೂ ಇರುವ ನಂಟನ್ನು ಪಾಶ್ಚಾತ್ಯ ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕಾಶೆ ತಯಾರಿಸಿ, ಕರಿಯರು ವಾಸಿಸುವ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯಕರವೆಂದು ಸೂಚಿಸಿತ್ತು. ಅಲ್ಲಿ ಬೇರ್ಪಡಿಕೆಗೆ ಕಾಗದದ ಮೇಲಿನ ಸಾಕ್ಷ್ಯವಿದೆ. ಹೈದರಾಬಾದಿನ ಸ್ಥಿತಿ ಹಾಗಲ್ಲ. ಇಂಥ ಮತದವರು ಇಂಥಲ್ಲಿ ಮನೆ ಮಾಡಕೂಡದೆಂದು ಹೇಳುವ ಶಾಸನ ಇಲ್ಲಿ ಇರಲಿಲ್ಲ. ಹೀಗಾಗಿ ಜನರು ಬೇರೆಬೇರೆಯಾಗಿ ನೆಲೆಸಿದ್ದನ್ನು ಅವರ ಮನೋಧರ್ಮದ ಫಲವೆಂದೋ, ಗಲಭೆಗಳ ಫಲವೆಂದೋ ವಿವರಿಸುವುದು ರೂಢಿಯಾಗಿದೆ.

ಈ ವಿವರಣೆ ಅರ್ಧಸತ್ಯ. ಒಂದು ಮನೆ ಅಥವಾ ನಿವೇಶನ ಯಾರಿಗೆ ದೊರೆಯಬೇಕೆಂದು ನಿರ್ಧರಿಸುವ ಪಟ್ಟಿಯೊಂದು ಎಲ್ಲ ಕಾಲದಲ್ಲಿಯೂ ಇರುತ್ತದೆ. ಆ ಪಟ್ಟಿಯನ್ನು ಬರೆಯುವವರು ಯಾರು, ಅದಕ್ಕೆ ಸೇರಲು ಬೇಕಾದ ಅರ್ಹತೆ ಏನು ಎಂಬುದರ ಮೇಲೆ ನೆರೆಹೊರೆಯ ರಚನೆ ನಿಲ್ಲುತ್ತದೆ. ಹೈದರಾಬಾದಿನಲ್ಲಿ ಈ ಪಟ್ಟಿ ಕ್ರಮವಾಗಿ ಆಶ್ರಯದಾತನಾದ ಅಮೀರನ ಕೈಯಿಂದ ನಗರಸುಧಾರಣೆಯ ಮಂಡಳಿಗೆ, ಅಲ್ಲಿಂದ ಭೂಮಾಲೀಕನಿಗೆ, ಅನಂತರ ನೌಕರರ ಸಹಕಾರಿ ಸಂಘಗಳಿಗೆ ವರ್ಗವಾಯಿತು. ಧಾರ್ಮಿಕ ಉದ್ದೇಶವೇ ಇಲ್ಲದ ಪಟ್ಟಿಯೂ ಸಮುದಾಯಗಳನ್ನು ಬೇರ್ಪಡಿಸಬಲ್ಲುದು ಎಂಬುದನ್ನು ದಿಲ್‌ಸುಖ್‌ನಗರದ ಚರಿತ್ರೆ ಸ್ಪಷ್ಟಪಡಿಸುತ್ತದೆ.

ಈ ವಿಷಯ ಕನ್ನಡ ಅಧ್ಯಯನಕ್ಕೆ ಹೊರಗಿನದಲ್ಲ. ೧೯೫೬ರ ನವೆಂಬರ್ ೧ರವರೆಗೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿ. ಓದಿಗಾಗಿ, ನೌಕರಿಗಾಗಿ, ವ್ಯಾಜ್ಯಗಳಿಗಾಗಿ ಅವರು ಬಂದು ನೆಲೆಸುತ್ತಿದ್ದ ನಗರವಿದು. ಆ ಜಿಲ್ಲೆಗಳಲ್ಲಿ ೧೯೪೮ರಲ್ಲಿ ನಡೆದ ದುರಂತಗಳ ಪರಿಣಾಮವೂ ಈ ನಗರದ ವಸತಿಯ ಮೇಲೆ ಆಗಿದೆ. ಆ ಅಂಶಗಳನ್ನು ಮುಂದೆ ಯಥೋಚಿತವಾಗಿ ಪರಿಶೀಲಿಸಲಾಗಿದೆ.

೨

ಮುಹಮ್ಮದ್ ಕುಲಿ ಕುತುಬ್ ಷಾ ೧೫೯೧ರಲ್ಲಿ ಚಾರ್‌ಮಿನಾರನ್ನು ನಡುವಿಟ್ಟು ಸ್ಥಾಪಿಸಿದ ನಗರದಲ್ಲಿ ವಸತಿಯ ಘಟಕವೆಂದರೆ ದೇವಡಿ ಮತ್ತು ಅದರ ಸುತ್ತಲಿನ ಮೊಹಲ್ಲಾ. ದೇವಡಿ ಎಂದರೆ ಅಮೀರನ ಎತ್ತರದ ಗೋಡೆಯ ಮನೆ. ಅದರ ಬೆನ್ನಿಗೆ ಅವನ ಲೆಕ್ಕಿಗರು, ಸಿಪಾಯಿಗಳು, ಅಡಿಗೆಯವರು, ಅಗಸರು, ಕುದುರೆಯಾಳುಗಳು ವಾಸಿಸುತ್ತಿದ್ದರು. ಯಾರ ಸೇವೆಯಲ್ಲಿದ್ದೀರಿ ಎಂಬುದರ ಮೇಲೆ ಎಲ್ಲಿ ವಾಸಿಸುತ್ತೀರಿ ಎಂಬುದು ನಿಲ್ಲುತ್ತಿತ್ತು. ಅಮೀರರಲ್ಲಿ ಮುಸ್ಲಿಮರಿದ್ದಂತೆ ಹಿಂದೂಗಳೂ ಇದ್ದರು. ಎರಡು ಬಾರಿ ಪ್ರಧಾನಮಂತ್ರಿಯಾದ ಮಹಾರಾಜಾ ಕಿಶನ್ ಪರ್ಷಾದ್ ಅವರ ದೇವಡಿಯಾಗಲಿ, ಚಾರ್‌ಮಿನಾರಿನ ಸಮೀಪದಲ್ಲಿದ್ದ ಕಾಯಸ್ಥ ದಫ್ತರ್‌ದಾರರ ಮಾಲ್‌ವಾಲಾ ಅರಮನೆಯಾಗಲಿ ಇಂದು ನಾವು 'ಹಳೆಯ ನಗರ' ಎಂದು ಕರೆಯುವ ಭಾಗದಲ್ಲಿಯೇ ಇದ್ದವು. ಹೈದರಾಬಾದಿನ ಕಾಯಸ್ಥರ ಸಾಮಾಜಿಕ ಚರಿತ್ರೆಯನ್ನು ೧೯೭೮ರಲ್ಲಿ ಪ್ರಕಟಿಸಿದ ಕರೆನ್ ಲಿಯೊನಾರ್ಡ್ ಅವರ ಗ್ರಂಥದಿಂದ ಈ ಆಡಳಿತಗಾರ ಕುಲಗಳ ಬಾಳುವೆಯ ವಿವರಗಳು ತಿಳಿದುಬರುತ್ತವೆ.

ಜನಾಂಗ ಎಂಬ ಪದವನ್ನು ಅದರ ನೇರಾರ್ಥದಲ್ಲಿ ತೆಗೆದುಕೊಂಡರೂ ಇದೇ ಕ್ರಮ ಕಾಣುತ್ತದೆ. ಮಾಸಬ್ ಟ್ಯಾಂಕ್ ಬಳಿಯ ಎ.ಸಿ. ಗಾರ್ಡ್ಸ್ ಎಂಬ ಸ್ಥಳನಾಮವು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬುದರ ಸಂಕ್ಷೇಪ. ನಿಜಾಮರ ಅಂಗರಕ್ಷಕ ದಳದಲ್ಲಿದ್ದ ಸಿದ್ದಿಗಳಿಗೆ ಅಲ್ಲಿ ವಸತಿ ದೊರೆತಿತ್ತು. ಯೆಮನ್ ದೇಶದ ಹದ್ರಮೌತ್ ಪ್ರಾಂತದಿಂದ ಬಂದ ಅರಬ್ ಸೈನಿಕರು ನೆಲೆಸಿದ ಬಾರ್ಕಸ್ ಎಂಬ ಹೆಸರು 'ಬ್ಯಾರಕ್ಸ್' ಶಬ್ದದ ರೂಪಾಂತರ. ಇವರ ವಂಶಜರಾದ ಚಾವುಷರು ಇಂದಿಗೂ ಅಲ್ಲಿದ್ದಾರೆ. ದಳಗಳು ವಿಸರ್ಜನೆಯಾಗಿ ದಶಕಗಳು ಕಳೆದರೂ ದಳದ ಹಾಜರಿಪಟ್ಟಿ ಕೇರಿಯ ರೂಪದಲ್ಲಿ ಉಳಿದಿದೆ. ಒಮ್ಮೆ ಹಂಚಿಕೆಯಾದ ವಸತಿಯು ಹಂಚಿದ ಸಂಸ್ಥೆಗಿಂತ ದೀರ್ಘಕಾಲ ಬಾಳುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಆಶ್ರಯದ ಈ ವ್ಯವಸ್ಥೆಯನ್ನು ಸಮಾನತೆಯ ವ್ಯವಸ್ಥೆಯೆಂದು ಭಾವಿಸಬಾರದು. ಅದರಲ್ಲಿ ಒಡೆಯ ಮತ್ತು ಆಳು ಎಂಬ ಭೇದವಿತ್ತು. ಜಾತಿಯ ಭೇದವಂತೂ ಇದ್ದೇ ಇತ್ತು. ಆದರೆ ಒಡೆಯನ ಮತವೊಂದು, ಆಳಿನ ಮತ ಇನ್ನೊಂದು ಆಗಿರುವುದಕ್ಕೆ ಅದು ಅಡ್ಡಿಯಾಗಿರಲಿಲ್ಲ. ಹಾಗಾಗಿ ಒಂದೇ ಓಣಿಯಲ್ಲಿ ಭಿನ್ನ ಮತದವರು ಇರುವುದು ಸಹಜವಾಗಿತ್ತು.

ನಗರದ ಪೂರ್ವದಿಕ್ಕು ಈ ಕಾಲದಲ್ಲಿ ತೋಟ ಮತ್ತು ವಿಹಾರದ ಪ್ರದೇಶ. ಮಲಕ್‌ಪೇಟೆಯಲ್ಲಿ ಕುದುರೆಪಂದ್ಯದ ಮೈದಾನವಿತ್ತು. ದಿವಾನರಾಗಿದ್ದ ಆಸ್ಮಾನ್ ಜಾ ಅವರು ಕಟ್ಟಿಸಿದ ಆಸ್ಮಾನ್‌ಗಢ ಅಲ್ಲಿನ ಗುಡ್ಡದ ಮೇಲಿದೆ. ೧೭೯೮ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾಧಿಕಾರಿ ರೇಮಂಡನ ಸಮಾಧಿಯೂ ಅದರ ಸಮೀಪದಲ್ಲಿದೆ. ಮುಸ್ಲಿಮರು ಅವನನ್ನು ಮೂಸಾ ರಹೀಮ್ ಎಂದೂ, ಹಿಂದೂಗಳು ಮೂಸಾ ರಾಮ್ ಎಂದೂ ಕರೆಯುತ್ತಿದ್ದರೆಂಬ ಪ್ರತೀತಿಯಿದೆ. ದಿಲ್‌ಸುಖ್‌ನಗರಕ್ಕೆ ತಾಗಿಕೊಂಡಿರುವ ಮೂಸಾರಾಂಬಾಗ್ ಎಂಬ ಸ್ಥಳನಾಮ ಅದರಿಂದ ಬಂದುದು. ಇನ್ನೂ ಮುಂದೆ ಕುತುಬ್‌ಷಾಹಿ ಕಾಲದ ಸರೂರ್‌ನಗರದ ಕೆರೆ. ಇವುಗಳ ನಡುವೆ ಇದ್ದುದು ಹೊಲಗದ್ದೆ.

೩

೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿಗೆ ಬಂದ ಮಹಾಪೂರದಲ್ಲಿ ಸುಮಾರು ೧೫ ಸಾವಿರ ಜನ ಸತ್ತರೆಂದು ಹೇಳಲಾಗಿದೆ. ಮರುವರ್ಷ ನಿಜಾಮ್ ಸರ್ಕಾರವು ಎಂ. ವಿಶ್ವೇಶ್ವರಯ್ಯ ಅವರನ್ನು ಬರಮಾಡಿಕೊಂಡಿತು. ಪ್ರವಾಹ ತಡೆಯುವುದಕ್ಕೆ ಅವರು ಸೂಚಿಸಿದ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ ೧೯೨೦ರಲ್ಲಿಯೂ, ಹಿಮಾಯತ್ ಸಾಗರ ೧೯೨೭ರಲ್ಲಿಯೂ ಪೂರ್ಣಗೊಂಡವು. ಇದು ಕನ್ನಡಿಗರಿಗೆ ಸುಪರಿಚಿತ. ಅದೇ ಮಹಾಪೂರ ಮತ್ತು ಅದರ ಬೆನ್ನಿಗೆ ಬಂದ ಪ್ಲೇಗು ಇನ್ನೊಂದು ಸಂಸ್ಥೆಗೂ ಕಾರಣವಾದವು. ಅದು ೧೯೧೨ರಲ್ಲಿ ಏರ್ಪಟ್ಟ ನಗರ ಸುಧಾರಣಾ ಮಂಡಳಿ; ಉರ್ದುವಿನಲ್ಲಿ ಆರಾಯಿಷ್-ಎ-ಬಲ್ದಾ.

ಈ ಮಂಡಳಿಯು ಇಕ್ಕಟ್ಟಾದ ಕೇರಿಗಳನ್ನು ಕೆಡವಿ, ರಸ್ತೆಗಳನ್ನು ಅಗಲಗೊಳಿಸಿ, ನಾಂಪಲ್ಲಿ, ಮಲ್ಲೇಪಲ್ಲಿ ಮೊದಲಾದೆಡೆ ಬಾಡಿಗೆಗಾಗಿ ಮಾದರಿ ಮನೆಗಳನ್ನು ಕಟ್ಟಿತು. ಮನೆಗಳನ್ನು ವಿಸ್ತೀರ್ಣ ಮತ್ತು ಬಾಡಿಗೆಗೆ ಅನುಸಾರವಾಗಿ ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಇಲ್ಲಿ ಗಮನಿಸಬೇಕಾದುದು ಪಟ್ಟಿಯ ಸ್ವರೂಪದಲ್ಲಾದ ಬದಲಾವಣೆ. ಯಾರ ಆಶ್ರಿತರು ಎಂಬ ಪ್ರಶ್ನೆಯ ಜಾಗದಲ್ಲಿ ಎಷ್ಟು ಬಾಡಿಗೆ ಕೊಡಬಲ್ಲರು ಎಂಬ ಪ್ರಶ್ನೆ ಬಂದಿತು. ಈ ಕ್ರಮಕ್ಕೆ ಅದರದೇ ಆದ ಕ್ರೌರ್ಯವೂ ಇತ್ತು. ಕೆಡವಿದ ಗುಡಿಸಲಿನಲ್ಲಿದ್ದವನು ಹೊಸ ಮನೆಯ ಬಾಡಿಗೆ ತೆರಲಾರದಿದ್ದರೆ ಅವನಿಗೆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಆದರೆ ಆದಾಯದ ದರ್ಜೆಯು ಮತದ ಗಡಿಯನ್ನು ಲೆಕ್ಕಿಸುವುದಿಲ್ಲ.

ಆಧುನಿಕ ನಗರಯೋಜನೆಯೆಂದರೆ ಎಲ್ಲೆಡೆಯೂ ಹೀಗೆಯೇ ಇತ್ತೆಂದು ತಿಳಿಯಲಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳನ್ನು ರಚಿಸಿತು. ಅಗಲವಾದ ಬೀದಿ, ಗಾಳಿ ಬೆಳಕು, ಚರಂಡಿ ಇವೆಲ್ಲವೂ ಅಲ್ಲಿ ಆಧುನಿಕವೇ. ಆದರೆ ಬಡಾವಣೆಯ ಭಾಗಗಳನ್ನು ಜಾತಿಮತಗಳಿಗೆ ಅನುಸಾರವಾಗಿ ವಿಂಗಡಿಸಿ ಹಂಚುವ ಕ್ರಮವನ್ನು ಅನುಸರಿಸಲಾಯಿತು. ಬೀದಿಗಳು ನೆಟ್ಟಗಿದ್ದ ಮಾತ್ರಕ್ಕೆ ಪಟ್ಟಿ ಹೊಸದಾಗುವುದಿಲ್ಲ. ಈ ಎರಡು ದೇಶೀ ಸಂಸ್ಥಾನಗಳ ಬಡಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಮುದಾಯಗಳ ನೆರೆತನವನ್ನು ನಿರ್ಧರಿಸಿದ್ದು ನಕಾಶೆಗಿಂತ ಹೆಚ್ಚಾಗಿ ಹಂಚಿಕೆಯ ನಿಯಮ ಎಂಬುದು ಸ್ಪಷ್ಟವಾಗುತ್ತದೆ.

೪

೧೯೪೮ನೆಯ ವರ್ಷ ಈ ಚರಿತ್ರೆಯನ್ನು ಎರಡಾಗಿ ಒಡೆಯಿತು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಸಿಕ್ಕಿ ಸಂಸ್ಥಾನದ ಹಳ್ಳಿಗಳ ಹಿಂದೂ ಕುಟುಂಬಗಳು ಗಡಿಯಾಚೆಗೆ ಓಡಿದವು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದ ಹತ್ಯಾಕಾಂಡವನ್ನು ಕನ್ನಡನಾಡು ಮರೆತಿಲ್ಲ. ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ನಂತರ ಮರ್ದಿತರ ಸ್ಥಾನ ಬದಲಾಯಿತು. ಪಂಡಿತ್ ಸುಂದರ್‌ಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರನ್ನೊಳಗೊಂಡ ತಂಡವು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಪ್ರಕಾರ ಸಂಸ್ಥಾನದಲ್ಲಿ ಸತ್ತವರು ೨೭ ಸಾವಿರದಿಂದ ೪೦ ಸಾವಿರ. ಅತಿ ಹೆಚ್ಚು ಹಾನಿಗೊಳಗಾದವೆಂದು ಅದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಇವುಗಳಲ್ಲಿ ಎರಡು ಕನ್ನಡ ಜಿಲ್ಲೆಗಳು ಎಂಬುದನ್ನು ನಾವು ಮರೆಯುವಂತಿಲ್ಲ. ದೀರ್ಘಕಾಲ ಗೋಪ್ಯವಾಗಿದ್ದ ಈ ವರದಿ ೨೦೧೩ರಲ್ಲಿ ವ್ಯಾಪಕವಾಗಿ ಬೆಳಕಿಗೆ ಬಂದಿತು.

ಈ ಜಿಲ್ಲೆಗಳ ಹಳ್ಳಿಗಳಿಂದ ಓಡಿದ ಮುಸ್ಲಿಮ್ ಕುಟುಂಬಗಳು ರಾಜಧಾನಿಯನ್ನು ಸೇರಿದವು. ಭಯದಿಂದ ಬಂದವರು ತಮ್ಮವರು ಹೆಚ್ಚಾಗಿರುವಲ್ಲಿ ನೆಲೆ ಹುಡುಕುವುದು ಸ್ವಾಭಾವಿಕ. ಇದೇ ಸಮಯಕ್ಕೆ ಹಳೆಯ ನಗರದ ಅಮೀರರ ಆಧಾರವೇ ಕುಸಿಯಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದವು. ಆದಾಯ ನಿಂತುಹೋದ ದೇವಡಿಗಳು ತುಂಡುತುಂಡಾಗಿ ಮಾರಾಟವಾದವು. ಉಳ್ಳವರಲ್ಲಿ ಹಲವರು ಪಾಕಿಸ್ತಾನಕ್ಕೆ ಹೋದರು. ೧೯೪೧ರಲ್ಲಿ ಸುಮಾರು ೭ ಲಕ್ಷ ೪೦ ಸಾವಿರ ಇದ್ದ ನಗರದ ಜನಸಂಖ್ಯೆ ೧೯೫೧ರ ವೇಳೆಗೆ ಸುಮಾರು ೧೧ ಲಕ್ಷಕ್ಕೆ ಏರಿತ್ತು. ಹಳೆಯ ನಗರದಲ್ಲಿ ಜನ ಹೆಚ್ಚಿದರು. ಅವರನ್ನು ಪೋಷಿಸುತ್ತಿದ್ದ ಸಂಸ್ಥೆ ಇಲ್ಲವಾಯಿತು. ಆ ಭಾಗದ ಆರ್ಥಿಕ ಅವನತಿಯನ್ನು ರತ್ನಾ ನಾಯ್ಡು ಅವರು ೧೯೯೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

೧೯೫೬ರಲ್ಲಿ ಆಂಧ್ರಪ್ರದೇಶ ರಚನೆಯಾಗಿ ಕರ್ನೂಲಿನಲ್ಲಿದ್ದ ರಾಜಧಾನಿ ಹೈದರಾಬಾದಿಗೆ ವರ್ಗವಾದಾಗ ಸಾವಿರಾರು ನೌಕರರು ಒಮ್ಮೆಲೇ ಬಂದರು. ಅವರಿಗೆ ಮನೆ ಬೇಕಿತ್ತು. ಸರ್ಕಾರವು ಕಟ್ಟಿಸಿದ ವಸತಿಗೃಹಗಳು ಸಾಲಲಿಲ್ಲ. ನಗರದ ಅಂಚಿನ ಭೂಮಿಗೆ ಬೇಡಿಕೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ದಿಲ್‌ಸುಖ್‌ನಗರದ ನಿವೇಶನಗಳು ಇಂಥ ಬೇಡಿಕೆಗೆ ಒದಗಿದವು.

ಖಾಸಗಿ ಭೂಮಾಲೀಕನು ನಿವೇಶನ ಮಾರುವಾಗ ಪಟ್ಟಿ ಇರುವುದಿಲ್ಲವೆಂದು ಭಾವಿಸುವುದು ಸರಿಯಲ್ಲ. ಬೆಲೆ ಕೊಟ್ಟವರಿಗೆ ನಿವೇಶನ ಎಂಬುದು ನಿಜ. ಆದರೆ ಮಾರಾಟದ ಸುದ್ದಿ ಪರಿಚಯದವರ ಮೂಲಕ ಹರಡುತ್ತದೆ. ಒಂದು ಕಚೇರಿಯಲ್ಲಿ ಒಬ್ಬರು ಕೊಂಡರೆ ಅದೇ ಕಚೇರಿಯ ಇನ್ನಿಬ್ಬರು ಕೊಳ್ಳುತ್ತಾರೆ. ಕಂತಿನಲ್ಲಿ ಹಣ ಕಟ್ಟಲು ತಿಂಗಳ ಸಂಬಳವಿರಬೇಕು. ೧೯೪೮ರ ನಂತರ ಹೈದರಾಬಾದಿನ ಸರ್ಕಾರಿ ಸೇವೆಯಲ್ಲಿ ಮುಸ್ಲಿಮರ ಪಾಲು ತೀವ್ರವಾಗಿ ಕುಗ್ಗಿತ್ತು. ಆದ್ದರಿಂದ ಸಂಬಳದಾರರಲ್ಲಿ ಬಾಯಿಂದ ಬಾಯಿಗೆ ಹರಡಿದ ಸುದ್ದಿ ಅವರಲ್ಲಿ ಹೆಚ್ಚಿನವರನ್ನು ಮುಟ್ಟುವ ಸಂಭವವೇ ಕಡಿಮೆಯಾಗಿತ್ತು. ಯಾರನ್ನೂ ಹೊರಗಿಡಬೇಕೆಂಬ ಉದ್ದೇಶ ಇಲ್ಲದೆಯೂ ಒಂದು ಸಮುದಾಯ ಹೊರಗುಳಿಯಲು ಇಷ್ಟು ಸಾಕು.

೫

ಮುಂದಿನ ದಶಕಗಳಲ್ಲಿ ಈ ಪ್ರವೃತ್ತಿಗೆ ಸಂಸ್ಥೆಯ ರೂಪ ಬಂದಿತು. ಗೃಹನಿರ್ಮಾಣ ಸಹಕಾರಿ ಸಂಘವೇ ಆ ರೂಪ. ಅದರ ಕಾರ್ಯವಿಧಾನ ಹೀಗೆ: ಒಂದು ಇಲಾಖೆಯ ಅಥವಾ ಕಾರ್ಖಾನೆಯ ನೌಕರರು ಸಂಘ ನೋಂದಾಯಿಸುತ್ತಾರೆ, ಸದಸ್ಯರ ಪಾಲುಹಣದಿಂದ ಊರಾಚೆಯ ಪಟ್ಟಾದಾರನಲ್ಲಿ ಭೂಮಿ ಕೊಳ್ಳುತ್ತಾರೆ, ವಿನ್ಯಾಸಕ್ಕೆ ಮಂಜೂರಾತಿ ಪಡೆದು, ಸೇವೆಯ ಹಿರಿತನದಿಂದಲೋ ಚೀಟಿ ಎತ್ತಿಯೋ ನಿವೇಶನ ಹಂಚಿಕೊಳ್ಳುತ್ತಾರೆ. ಮಧ್ಯಮವರ್ಗದ ಸಂಸಾರಗಳು ಸ್ವಂತ ಸೂರು ಕಂಡದ್ದು ಬಹುಮಟ್ಟಿಗೆ ಈ ದಾರಿಯಿಂದ. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಭೂಮಿಯ ಕಾನೂನೂ ಸಂಘಗಳಿಗೆ ಅನುಕೂಲವಾಯಿತು. ೧೯೭೬ರ ನಗರಭೂಮಿ ಮಿತಿ ಶಾಸನವು ಹೈದರಾಬಾದಿನಲ್ಲಿ ಖಾಲಿ ಭೂಮಿಯ ಒಡೆತನವನ್ನು ೧೦೦೦ ಚದರ ಮೀಟರಿಗೆ ಮಿತಿಗೊಳಿಸಿತು. ಹೆಚ್ಚುವರಿ ಭೂಮಿಯನ್ನು ಸರ್ಕಾರ ವಶಪಡಿಸಿಕೊಂಡು ದುರ್ಬಲ ವರ್ಗದವರಿಗೆ ವಸತಿ ಕಲ್ಪಿಸಬೇಕೆಂಬುದು ಅದರ ಆಶಯ. ಆದರೆ ವಿನಾಯಿತಿಗೆ ಅವಕಾಶವಿದ್ದುದರಿಂದ ಭೂಮಾಲೀಕರು ಸಂಘಗಳ ಮೂಲಕ ಭೂಮಿಯನ್ನು ಬಿಡಿಸಿಕೊಳ್ಳುವ ದಾರಿ ತೆರೆಯಿತು. ಕೇಂದ್ರವು ೧೯೯೯ರಲ್ಲಿ ಈ ಶಾಸನವನ್ನು ರದ್ದುಪಡಿಸಿತು; ಆಂಧ್ರಪ್ರದೇಶವು ಆ ರದ್ದತಿಯನ್ನು ೨೦೦೮ರಲ್ಲಿ ಅಂಗೀಕರಿಸಿತು. ನಡುವಿನ ಮೂರು ದಶಕಗಳಲ್ಲಿ ನಗರದ ಸುತ್ತ ಬೆಳೆದ ಬಡಾವಣೆಗಳ ಮೇಲೆ ಈ ಶಾಸನದ ಗುರುತು ಇದೆ. ದಿಲ್‌ಸುಖ್‌ನಗರದ ಪ್ರದೇಶವು ಬೃಹತ್ ನಗರಪಾಲಿಕೆಗೆ ಸೇರಿದ್ದು ೨೦೦೭ರಲ್ಲಿ, ಗಡ್ಡಿಅನ್ನಾರಂ ಮತ್ತು ಎಲ್.ಬಿ. ನಗರ ಪುರಸಭೆಗಳು ಅದರಲ್ಲಿ ವಿಲೀನವಾದಾಗ. ಅಲ್ಲಿಯವರೆಗೆ ಸಣ್ಣ ಸ್ಥಳೀಯ ಸಂಸ್ಥೆಗಳ ಆಡಳಿತದಲ್ಲಿ, ಸಮಗ್ರ ವಸತಿ ಯೋಜನೆಯ ಹಿಡಿತವಿಲ್ಲದೆ, ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದವು.

ಈ ಬೆಳವಣಿಗೆಗೆ ಸ್ಥಳನಾಮಗಳೇ ಸಾಕ್ಷಿ. ಚಾದರ್‌ಘಾಟಿನಿಂದ ಪೂರ್ವಕ್ಕೆ ಹೊರಟರೆ ಮಲಕ್‌ಪೇಟೆ, ಸೈದಾಬಾದ್, ಮೂಸಾರಾಂಬಾಗ್, ಸರೂರ್‌ನಗರ ಎಂಬ ಹೆಸರುಗಳು ಸಿಗುತ್ತವೆ. ಇವು ವ್ಯಕ್ತಿಗಳ ಸುತ್ತ ಹುಟ್ಟಿದ, ಆಶ್ರಯವ್ಯವಸ್ಥೆಯ ಕಾಲದ ಹೆಸರುಗಳು. ದಿಲ್‌ಸುಖ್‌ನಗರ ಖಾಸಗಿ ಮಾರಾಟದ ಕಾಲದ್ದು. ಇಲ್ಲಿಯೂ ವ್ಯಕ್ತಿಯ ಹೆಸರಿದೆ, ಆದರೆ ಅವನು ಆಶ್ರಯದಾತನಲ್ಲ, ಮಾರಾಟಗಾರ. ಮೂರನೆಯ ಪದರದಲ್ಲಿ ಪಿ ಅಂಡ್ ಟಿ ಕಾಲನಿ, ಟೆಲಿಫೋನ್ ಕಾಲನಿ, ಸಿಂಗರೇಣಿ ಕಾಲನಿ, ಎನ್.ಜಿ.ಓ. ಕಾಲನಿ ಮುಂತಾದವು ಬರುತ್ತವೆ. ಇವು ಕಚೇರಿಯ ಮತ್ತು ಉದ್ಯೋಗದ ಹೆಸರುಗಳು. ಚೈತನ್ಯಪುರಿ, ವನಸ್ಥಲಿಪುರಂ ಮೊದಲಾದ ಸಂಸ್ಕೃತಮಯ ಹೆಸರುಗಳು ಇವುಗಳ ಜೊತೆಗೆ ಕಾಣಿಸಿಕೊಳ್ಳುತ್ತವೆ. ಪೇಟೆ, ಆಬಾದ್, ಬಾಗ್ ಎಂಬ ಉತ್ತರಪದಗಳಿಂದ ಕಾಲನಿ, ಪುರಿ, ಪುರಂಗಳವರೆಗಿನ ಈ ಸಾಲು ವಾಸ್ತವವಾಗಿ ಹಂಚಿಕೆಯ ಪಟ್ಟಿ ಕೈಬದಲಾದುದರ ದಾಖಲೆ.

ಕಚೇರಿಯ ಪಟ್ಟಿಯಲ್ಲಿ ಮತದ ಕಾಲಮು ಇಲ್ಲ. ಅಂಚೆ ತಂತಿ ಇಲಾಖೆಯ ನೌಕರರ ಕಾಲನಿ ಹಿಂದೂಗಳ ಕಾಲನಿಯಾಗಬೇಕೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ನೇಮಕಾತಿಯಲ್ಲಿರುವ ಅಸಮತೆ ಸಂಘದ ಸದಸ್ಯತ್ವದ ಮೂಲಕ ನೆಲದ ಮೇಲೆ ಮೂಡುತ್ತದೆ. ಸರ್ಕಾರಿ ಉದ್ಯೋಗಗಳಲ್ಲಿ ಮುಸ್ಲಿಮರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಕಡಿಮೆಯೆಂದು ೨೦೦೬ರ ಸಾಚಾರ್ ಸಮಿತಿಯ ವರದಿ ದೇಶದ ಮಟ್ಟದಲ್ಲಿಯೂ, ೨೦೧೬ರ ಸುಧೀರ್ ಆಯೋಗದ ವರದಿ ತೆಲಂಗಾಣದ ಮಟ್ಟದಲ್ಲಿಯೂ ತೋರಿಸಿಕೊಟ್ಟಿವೆ. ಉದ್ಯೋಗದ ಅಸಮತೆ ಒಂದು ತಲೆಮಾರಿನದು. ಮನೆ ಮಕ್ಕಳಿಗೆ ಹೋಗುತ್ತದೆ. ನೌಕರ ನಿವೃತ್ತನಾದ ಮೇಲೂ, ಇಲಾಖೆಯ ಹೆಸರೇ ಬದಲಾದ ಮೇಲೂ, ಕಾಲನಿ ಹಾಗೆಯೇ ಇರುತ್ತದೆ. ಎ.ಸಿ. ಗಾರ್ಡ್ಸ್ ಕುರಿತು ಹೇಳಿದ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಸಂಘಗಳು ಬಹಿರಂಗವಾಗಿಯೇ ಸಮುದಾಯದ ಆಧಾರದ ಮೇಲೆ ಸದಸ್ಯತ್ವ ನೀಡಬಹುದೇ ಎಂಬ ಪ್ರಶ್ನೆ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಉಪವಿಧಿ ಸಿಂಧುವೆಂದು ೨೦೦೫ರಲ್ಲಿ ತೀರ್ಪಾಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯಕ್ಕೆ ಅಲ್ಲಿ ಪ್ರಾಧಾನ್ಯ ದೊರೆಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೪೮ರಷ್ಟು ಹಿಂದೆಯೇ, ಬಿಳಿಯರಲ್ಲದವರಿಗೆ ಮನೆ ಮಾರಕೂ­ಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಹೇಳಿತ್ತು. ಚಿಕ್ಕ ಸಮುದಾಯವೊಂದು ತನ್ನ ಉಳಿವಿಗಾಗಿ ಒಟ್ಟಿಗಿರಲು ಬಯಸುವುದನ್ನೂ, ಪ್ರಬಲ ಸಮುದಾಯವೊಂದು ಇತರರನ್ನು ದೂರವಿಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾನೂನಿನ ದೃಷ್ಟಿಗೆ ಮಾತ್ರ ಎರಡಕ್ಕೂ ಒಂದೇ ಉಪವಿಧಿ ಸಾಕಾಗುತ್ತದೆ ಎಂಬಲ್ಲಿ ತೊಡಕಿದೆ.

೬

ಬೇರ್ಪಡಿಕೆಗೆ ಮತವೊಂದೇ ಆಧಾರವಲ್ಲ. ಪ್ರಾಂತಭೇದವೂ ಇದೇ ದಾರಿಯಲ್ಲಿ ನೆಲದ ಮೇಲೆ ಮೂಡಿತು. ದಿಲ್‌ಸುಖ್‌ನಗರದ ಮೂಲಕ ಹೋಗುವ ಹೆದ್ದಾರಿಯು ನಲ್ಲಗೊಂಡ ಜಿಲ್ಲೆಯನ್ನೂ ಕೃಷ್ಣಾ, ಗುಂಟೂರು ಜಿಲ್ಲೆಗಳನ್ನೂ ನಗರಕ್ಕೆ ಜೋಡಿಸುತ್ತದೆ. ಊರಿನ ಬಸ್ಸು ಇಳಿಯುವ ದಿಕ್ಕಿನಲ್ಲಿ ಮನೆ ಮಾಡುವುದು ವಲಸೆಗಾರರ ಸಾಮಾನ್ಯ ಕ್ರಮ. ಹೀಗಾಗಿ ಪೂರ್ವದ ಬಡಾವಣೆಗಳಲ್ಲಿ ತೆಲಂಗಾಣದ ಜಿಲ್ಲೆಗಳವರೂ ಕರಾವಳಿ ಆಂಧ್ರದವರೂ ನೆಲೆಸಿದರು. ಮುಲ್ಕಿ ನಿಯಮಗಳ ಪಾಲನೆಗಾಗಿ ೧೯೬೯ರಲ್ಲಿ ಎದ್ದ ಚಳವಳಿಯಿಂದ ೨೦೧೪ರ ಜೂನ್ ೨ರಂದು ತೆಲಂಗಾಣ ರಾಜ್ಯ ರಚನೆಯಾಗುವವರೆಗೆ, ಸ್ಥಳೀಯ ಮತ್ತು ವಲಸೆಗಾರ ಎಂಬ ವಾದ ಉದ್ಯೋಗವನ್ನು ಕುರಿತಂತೆ ಭೂಮಿಯನ್ನೂ ಕುರಿತದ್ದಾಗಿತ್ತು.

ಕನ್ನಡಿಗರ ಸ್ಥಿತಿ ಇಲ್ಲಿ ವಿಶೇಷವಾದುದು. ೧೯೫೬ರ ಮೊದಲು ಬೀದರ್ ಅಥವಾ ರಾಯಚೂರಿನ ಯುವಕ ಹೈದರಾಬಾದಿನಲ್ಲಿ ಮುಲ್ಕಿ. ರಾಜ್ಯದ ಸೇವೆಗೆ ಹಕ್ಕುದಾರ. ಪುನರ್ವಿಂಗಡಣೆಯ ಮರುದಿನ ಅವನ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೫೭ರ ಸಾರ್ವಜನಿಕ ಉದ್ಯೋಗ ಶಾಸನದ ಮೇರೆಗೆ ಮಾಡಿದ ನಿಯಮಗಳು ತೆಲಂಗಾಣದ ಹುದ್ದೆಗಳಿಗೆ ಆ ಪ್ರದೇಶದಲ್ಲಿಯೇ ೧೫ ವರ್ಷಗಳ ವಾಸವನ್ನು ಕಡ್ಡಾಯಗೊಳಿಸಿದವು. ಸರ್ವೋಚ್ಚ ನ್ಯಾಯಾಲಯವು ೧೯೬೯ರಲ್ಲಿ ಈ ವ್ಯವಸ್ಥೆಯನ್ನು ಅಸಿಂಧುಗೊಳಿಸಿತಾದರೂ ನಡುವಣ ಅವಧಿಯೇ ನೌಕರರ ಕಾಲನಿಗಳು ಮೊಳೆಯುತ್ತಿದ್ದ ಅವಧಿ. ಹೊಸದಾಗಿ ಬರುವ ಕನ್ನಡಿಗನಿಗೆ ಕಚೇರಿಯ ಪಟ್ಟಿ ಮುಚ್ಚಿದರೆ ಅದಕ್ಕೆ ಅಂಟಿಕೊಂಡ ಕಾಲನಿಯ ಪಟ್ಟಿಯೂ ಮುಚ್ಚಿದಂತೆ. ಮುಸ್ಲಿಮರ ವಿಷಯದಲ್ಲಿ ನೇಮಕಾತಿಯ ಕುಗ್ಗುವಿಕೆ ಮಾಡಿದ ಕೆಲಸವನ್ನು ಕನ್ನಡಿಗರ ವಿಷಯದಲ್ಲಿ ರಾಜ್ಯದ ಗಡಿಗೆರೆ ಮಾಡಿತು.

ಆದಾಗ್ಯೂ ಇಲ್ಲಿಯ ಕನ್ನಡಿಗರ ಬಾಂಧವ್ಯ ಅಳಿಯಲಿಲ್ಲ. ಮೂಸಿಯ ಉತ್ತರದ ಕಾಚಿಗುಡದಲ್ಲಿ ನೃಪತುಂಗ ವಿದ್ಯಾಸಂಸ್ಥೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಅದಕ್ಕೆ ನೆಲೆಯಾದವು. ಮನೆಗಳು ಊರತುಂಬ ಚದರಿದ್ದರೂ ಶಾಲೆ ಮತ್ತು ಸಭಾಭವನ ಒಂದು ಭಾಷಾಸಮುದಾಯವನ್ನು ಒಟ್ಟುಗೂಡಿಸಬಲ್ಲವು. ಸಮುದಾಯದ ಒಗ್ಗಟ್ಟಿಗೆ ಪ್ರತ್ಯೇಕ ಕೇರಿ ಅನಿವಾರ್ಯವೆಂಬ ಮಾತಿಗೆ ಇದು ಪ್ರತ್ಯುತ್ತರ.

೭

ಪಟ್ಟಿಗಳು ಮೌನವಾಗಿ ಮಾಡಿದ ಬೇರ್ಪಡಿಕೆಯನ್ನು ಗಲಭೆಗಳು ಗಟ್ಟಿಗೊಳಿಸಿದವು. ೧೯೭೮ರಿಂದ ಮೊದಲ್ಗೊಂಡು ೧೯೮೦ರ ದಶಕದುದ್ದಕ್ಕೂ ಹಳೆಯ ನಗರದಲ್ಲಿ ಮತೀಯ ಘರ್ಷಣೆಗಳು ಮರುಕಳಿಸಿದವು. ೧೯೯೦ರ ಡಿಸೆಂಬರ್ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಗಲಭೆಯನ್ನು ಕೇಂದ್ರವಾಗಿಟ್ಟುಕೊಂಡ ಸುಧೀರ್ ಕಾಕರ್ ಅವರ ಮನೋವೈಜ್ಞಾನಿಕ ಅಧ್ಯಯನ ಪ್ರಸಿದ್ಧವಾಗಿದೆ. ಪ್ರತಿ ಗಲಭೆಯ ನಂತರವೂ ಹಳೆಯ ನಗರದ ಮಿಶ್ರ ಮೊಹಲ್ಲಾಗಳಿಂದ ಶಕ್ತರಾದ ಹಿಂದೂಗಳು ಹೊರಟರು. ಹೊರ ಬಡಾವಣೆಗಳ ಅಲ್ಪಸಂಖ್ಯಾತರು ತಮ್ಮವರಿರುವ ಕಡೆಗೆ ಸರಿದರು. ಹೀಗೆ ಹೊರಟವರು ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ಸಿದ್ಧವಾಗಿದ್ದ ಬಡಾವಣೆಗಳ ಸ್ವರೂಪ ನಿರ್ಧರಿಸಿತು. ಗಲಭೆ ಜನರನ್ನು ಎಬ್ಬಿಸಿತು. ಕೂರಿಸಿದ್ದು ವಸತಿ ವ್ಯವಸ್ಥೆ. ಹಳೆಯ ನಗರದ ಅಭಿವೃದ್ಧಿಗೆಂದು ೧೯೮೧ರಲ್ಲಿ ಕುಲಿ ಕುತುಬ್ ಷಾ ನಗರಾಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಆದರೆ ಹಿಂದುಳಿದ ಭಾಗಕ್ಕೆ ಒಂದು ಪ್ರಾಧಿಕಾರ, ಉಳಿದ ನಗರಕ್ಕೆ ೧೯೭೫ರಿಂದಲೂ ಇದ್ದ ಇನ್ನೊಂದು ಪ್ರಾಧಿಕಾರ ಎಂಬ ವಿಭಜನೆ, ನಗರ ಎರಡಾಗಿದೆಯೆಂಬುದನ್ನು ಆಡಳಿತವೇ ಒಪ್ಪಿಕೊಂಡಂತಾಯಿತು.

ದಿಲ್‌ಸುಖ್‌ನಗರವೂ ಹಿಂಸೆಯನ್ನು ಕಂಡಿದೆ. ೨೦೦೨ರ ನವೆಂಬರ್ ೨೧ರಂದು ಸಾಯಿಬಾಬಾ ದೇವಾಲಯದ ಬಳಿ ಬಾಂಬು ಸಿಡಿಯಿತು. ೨೦೧೩ರ ಫೆಬ್ರವರಿ ೨೧ರ ಸಂಜೆ ಜನನಿಬಿಡ ರಸ್ತೆಯಲ್ಲಿ ಎರಡು ಬಾಂಬುಗಳು ಸಿಡಿದು ಹದಿನೇಳಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇವು ಹೊರಗಿನಿಂದ ಬಂದು ನಡೆಸಿದ ಕೃತ್ಯಗಳು, ನೆರೆಯವರ ಜಗಳಗಳಲ್ಲ. ೨೦೧೩ರ ಸ್ಫೋಟದ ನಂತರ ನಗರದಲ್ಲಿ ದೊಡ್ಡ ಗಲಭೆ ಸಂಭವಿಸಲಿಲ್ಲ ಎಂಬುದು ನಾಗರಿಕರ ವಿವೇಕಕ್ಕೆ ಸಾಕ್ಷಿ. ಇಲ್ಲಿಯ ಅಂಗಡಿಬೀದಿ, ೧೯೮೬ರಿಂದ ಮೂರೂವರೆ ದಶಕ ಗಡ್ಡಿಅನ್ನಾರಂನಲ್ಲಿ ನಡೆದ ಹಣ್ಣಿನ ಮಂಡಿ, ೨೦೧೮ರಿಂದ ಓಡುತ್ತಿರುವ ಮೆಟ್ರೋ ರೈಲು, ಇವೆಲ್ಲವೂ ಎಲ್ಲ ಮತದವರನ್ನು ಹಗಲಿನಲ್ಲಿ ಒಟ್ಟುಗೂಡಿಸುತ್ತವೆ. ಆದರೆ ಹಗಲಿನ ಸಂತೆ ರಾತ್ರಿಯ ನೆರೆಯಾಗುವುದಿಲ್ಲ. ಕೊಳ್ಳುವವನಾಗಿ ಸ್ವಾಗತಾರ್ಹನಾದವನು ಬಾಡಿಗೆದಾರನಾಗಿಯೂ ಹಾಗೆಯೇ ಇರುತ್ತಾನೆಂದು ಹೇಳಲಾಗದು. ದೆಹಲಿ ಸುತ್ತಲಿನ ನಗರಗಳಲ್ಲಿ ದಲಿತರಿಗೂ ಮುಸ್ಲಿಮರಿಗೂ ಬಾಡಿಗೆ ಮನೆ ನಿರಾಕರಿಸಲ್ಪಡುವುದನ್ನು ಸುಖದೇವ್ ಥೋರಟ್ ಮತ್ತು ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನ ದೃಢಪಡಿಸಿದೆ. ನಮ್ಮ ಸಂವಿಧಾನದ ಹದಿನೈದನೆಯ ವಿಧಿ ಅಂಗಡಿ, ಭೋಜನಾಲಯ, ಬಾವಿ, ಕೆರೆಗಳ ಪ್ರವೇಶದಲ್ಲಿ ಭೇದವನ್ನು ನಿಷೇಧಿಸುತ್ತದೆ; ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ.

೮

ಪಟ್ಟಿಯನ್ನು ಪ್ರಜ್ಞಾಪೂರ್ವಕವಾಗಿ ತಿದ್ದಿದ ದೇಶಗಳುಂಟು. ಅಮೆರಿಕ ೧೯೬೮ರಲ್ಲಿ ವಸತಿಯಲ್ಲಿ ಭೇದವನ್ನು ನಿಷೇಧಿಸುವ ಶಾಸನ ತಂದಿತು. ಸಿಂಗಪುರವು ೧೯೮೯ರಿಂದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಚೀನೀ, ಮಲಯ, ಭಾರತೀಯ ಜನಾಂಗಗಳಿಗೆ ಗರಿಷ್ಠ ಪಾಲನ್ನು ನಿಗದಿಪಡಿಸಿ ಒಂದೇ ಜನಾಂಗ ಒಂದೆಡೆ ಸಾಂದ್ರವಾಗದಂತೆ ನೋಡಿಕೊಳ್ಳುತ್ತಿದೆ. ಇದಕ್ಕೂ ಬೆಲೆಯಿದೆ. ಮಿತಿ ಮುಟ್ಟಿದ ಕಟ್ಟಡದಲ್ಲಿ ಅಲ್ಪಸಂಖ್ಯಾತ ಮಾಲೀಕನಿಗೆ ಕೊಳ್ಳುವವರು ಕಡಿಮೆಯಾಗಿ ಮನೆಯ ಬೆಲೆ ತಗ್ಗುತ್ತದೆ. ಗುಜರಾತಿನ ೧೯೯೧ರ ಕ್ಷೋಭೆಗೊಂಡ ಪ್ರದೇಶಗಳ ಶಾಸನವು ಗಲಭೆಯ ಭಯದಲ್ಲಿ ಕಡಿಮೆ ಬೆಲೆಗೆ ಮನೆ ಮಾರುವುದನ್ನು ತಡೆಯಲು ಬಂದದ್ದು. ಮಾರಾಟಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕೆಂಬ ಅದರ ನಿಯಮವು ಭಿನ್ನ ಮತದವರ ನಡುವಿನ ವ್ಯವಹಾರಕ್ಕೆ ಅಡ್ಡಿಯಾಗುತ್ತಿದೆಯೆಂಬ ಆಕ್ಷೇಪವಿದೆ. ಪಟ್ಟಿಯನ್ನು ಬರೆಯುವ ಕೈ ಸರ್ಕಾರದ್ದಾದ ಮಾತ್ರಕ್ಕೆ ನ್ಯಾಯ ಖಚಿತವಾಗದು.

ಹೈದರಾಬಾದಿನಲ್ಲಿ ೨೦೧೫ರಿಂದ ತೆಲಂಗಾಣ ಸರ್ಕಾರ ಬಡವರಿಗಾಗಿ ಕಟ್ಟಿಸಿದ ಎರಡು ಕೋಣೆಗಳ ಮನೆಗಳಲ್ಲಿ ಹಲವನ್ನು ಚೀಟಿ ಎತ್ತಿ ಹಂಚಲಾಯಿತು. ಕಚೇರಿ, ಕುಲ, ಪರಿಚಯ ಯಾವುದನ್ನೂ ಕೇಳದ ಪಟ್ಟಿಯೆಂದರೆ ಚೀಟಿ. ೨೦೨೪ರಲ್ಲಿ ಮೂಸಿ ನದೀಪಾತ್ರದ ತೆರವು ಕಾರ್ಯ ಆರಂಭವಾದಾಗ ಚಾದರ್‌ಘಾಟಿನ ಸಮೀಪದ ಕೆಲವು ಕುಟುಂಬಗಳನ್ನು ಮಲಕ್‌ಪೇಟೆಯ ಇಂಥ ಮನೆಗಳಿಗೆ ಸಾಗಿಸಲಾಯಿತು. ೧೯೦೮ರ ಮಹಾಪೂರ ಹರಿದ ದಡದಲ್ಲಿಯೇ, ಕೆಡವುವ ಕೈ ಮತ್ತು ಹಂಚುವ ಕೈ ಒಂದೇ ಆಗಿರುವ ಸನ್ನಿವೇಶ ಮತ್ತೆ ಬಂದಿದೆ. ಹತ್ತಿರದಲ್ಲಿಯೇ ಮನೆ ದೊರೆತವರಿಗೆ ಕೆಲಸವೂ ಶಾಲೆಯೂ ಉಳಿಯುತ್ತದೆ. ದೂರ ಹೋದವರಿಗೆ ನೆರೆಯೊಡನೆ ಜೀವನೋಪಾಯವೂ ತಪ್ಪುತ್ತದೆ. ಮಿಶ್ರ ನೆರೆಹೊರೆಯನ್ನು ರಚಿಸಲು ಚೀಟಿ ಸಾಲಬಹುದು. ಅದನ್ನು ಉಳಿಸಲು ದುಡಿಮೆಯ ದಾರಿ ಹತ್ತಿರವಿರಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ದಿಲ್‌ಸುಖ್‌ನಗರದ ಏಕರೂಪತೆ ದ್ವೇಷದಿಂದ ಹುಟ್ಟಿದುದಲ್ಲ. ಸಂಬಳದಾರರ ನ್ಯಾಯವಾದ ಅಗತ್ಯ, ಭೂಮಾಲೀಕನ ಸಹಜ ಲಾಭಾಪೇಕ್ಷೆ, ಸಹಕಾರದ ಒಳ್ಳೆಯ ತತ್ತ್ವ ಇವುಗಳಿಂದ ಅದು ಹುಟ್ಟಿತು. ಇವೆಲ್ಲವೂ ೧೯೪೮ರ ನಂತರದ ಅಸಮವಾದ ನೆಲದ ಮೇಲೆ ನಡೆದವು ಎಂಬುದೇ ಮುಖ್ಯ ಸಂಗತಿ. ಆ ನೆಲದಲ್ಲಿ ಎಲ್ಲರಿಗೂ ಸಮಾನವೆಂದು ತೋರುವ ನಿಯಮವೂ ಸಮಾನ ಫಲ ಕೊಡಲಾರದಾಯಿತು. ಆದುದರಿಂದ ನಗರಗಳಲ್ಲಿ ಸಮುದಾಯಗಳ ಸಂಬಂಧವನ್ನು ಶೋಧಿಸುವವರು ಗಲಭೆಯ ವರದಿಗಳಷ್ಟೇ ಶ್ರದ್ಧೆಯಿಂದ ಬಡಾವಣೆಯ ನಕಾಶೆಗಳನ್ನೂ, ಸಂಘಗಳ ಸದಸ್ಯತ್ವದ ಪುಸ್ತಕಗಳನ್ನೂ, ನೋಂದಣಿ ಕಚೇರಿಯ ಕ್ರಯಪತ್ರಗಳನ್ನೂ ಓದಬೇಕಾಗುತ್ತದೆ. ಹೊರನಾಡಿನ ಕನ್ನಡಿಗರ ಚರಿತ್ರೆಯನ್ನು ಬರೆಯುವವರಿಗೂ ಈ ಮಾತು ಸಲ್ಲುತ್ತದೆ. ಮುಂಬಯಿಯಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ದೆಹಲಿಯಲ್ಲಾಗಲಿ ಕನ್ನಡಿಗರು ಯಾರ ಪಕ್ಕದಲ್ಲಿ ಮನೆ ಮಾಡಿದರು, ಯಾವ ಪಟ್ಟಿಯಲ್ಲಿ ಅವರ ಹೆಸರಿತ್ತು, ಯಾವುದರಲ್ಲಿ ಇರಲಿಲ್ಲ ಎಂಬುದನ್ನು ಕೇಳಿದಾಗ ಅವರ ಭಾಷೆಯ ಉಳಿವು ಅಳಿವುಗಳ ಕಾರಣವೂ ಅಲ್ಲಿಯೇ ದೊರೆಯುವ ಸಂಭವವಿದೆ.